ಕೋಲ್‌ಬ್ರೂಕ್ ಬಂಗಲೆಯ ಮುಂಬಾಗಿಲು

ವಿಜಯಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮೆಲ್ಬರ್ನ್ ಅಂಚಿನ ಟ್ರುಗನಿನಾದ ಕನ್ನಡದವರೆಲ್ಲ ಮಾತಾಡಿಕೊಳ್ಳುತ್ತಾರೆ. ಯುಗಾದಿ ಊಟದಲ್ಲಿ ಸಾಲು ತಪ್ಪಿಸಿ ನುಗ್ಗಿದವರನ್ನು ಗದರುವವಳು ಅವಳು. ಮಕ್ಕಳ ನಾಟಕದ ನಡುವೆ ಫೋನಿನಲ್ಲಿ ಮಾರ್ಟ್‌ಗೇಜ್ ಬಡ್ಡಿಯ ಪುರಾಣ ಬಿಚ್ಚಿದವರನ್ನು ಎಬ್ಬಿಸಿ ಹೊರಗೆ ಕಳಿಸುವವಳೂ ಅವಳೇ. ಹಿಂದೆ ಆಡಿಕೊಂಡವರು ಎದುರಿಗೆ ಸಿಕ್ಕರೆ "ವಿಜಯಾ ಆಂಟಿ, ಚೆನ್ನಾಗಿದೀರಾ?" ಎಂದು ಹಲ್ಲು ಕಿರಿಯುತ್ತಾರೆ. ಆ ಸಿಟ್ಟು ಹುಟ್ಟಿದ್ದು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅವಳೂ ಹೇಳಲು ಹೋಗಲಿಲ್ಲ.

ಅದು ಹುಟ್ಟಿದ್ದು ಬೆಳಗಾವಿ ಸೀಮೆಯ ಒಂದು ಊರಿನಲ್ಲಿ, ದೇಸಾಯರ ವಾಡೆಯ ಹಿತ್ತಲಿನಲ್ಲಿ. ವಾಡೆ ಎಂದರೆ ಎರಡಾಳೆತ್ತರದ ಕಲ್ಲುಗೋಡೆ, ಹಿತ್ತಾಳೆಯ ಮೊಳೆ ಬಡಿದ ಮುಂಬಾಗಿಲು, ಒಳಗೆ ಚೌಕ, ತೊಲೆ, ಕಂಬ, ತೂಗುಮಂಚ. ವಿಜಯಾಳ ಅವ್ವ ಬಸಕ್ಕ ಅಲ್ಲಿ ಕಸ ಗುಡಿಸುತ್ತಿದ್ದಳು, ಮುಸುರೆ ತಿಕ್ಕುತ್ತಿದ್ದಳು, ದೇಸಾಯರ ಮನೆಯ ಕೂಸುಗಳ ಹೇಲುಚ್ಚೆ ಬಳಿಯುತ್ತಿದ್ದಳು. ಹೋಗುವುದು ಬರುವುದು ಹಿತ್ತಲ ಬಾಗಿಲಿನಲ್ಲಿ. ಮುಂಬಾಗಿಲ ಎದುರಿನ ದಾರಿಯಲ್ಲಿ ಹಾಯುವುದೇ ಆದರೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಅದರ ಮೇಲೆ ಸೆರಗು ಮುಚ್ಚಿಕೊಂಡು ಹಾಯಬೇಕು. ಬೇಸಿಗೆಯ ಮಧ್ಯಾಹ್ನ ಹಾಸುಗಲ್ಲು ಹಂಚಿನ ಹಾಗೆ ಕಾದಿದ್ದರೂ ಅಷ್ಟೇ. ಒಳಗಿನಿಂದ ದೊಡ್ಡ ದೇಸಾಯರ ಕೊಲ್ಹಾಪುರಿ ಚಪ್ಪಲಿಯ ಕಿರ್ರು ಕಿರ್ರು ಸದ್ದು ಕೇಳಿಸಿದರೆ ಕೂತವರು ಏಳಬೇಕು, ನಿಂತವರು ಗೋಡೆಗೆ ಸರಿಯಬೇಕು.

ಹತ್ತನೆಯ ತರಗತಿ ಪಾಸಾದ ದಿನ ವಿಜಯಾ ಖುಷಿಯಲ್ಲಿ ಎಚ್ಚರ ತಪ್ಪಿದಳು. ಅವ್ವನಿಗೆ ಹೇಳಬೇಕೆಂದು ಶಾಲೆಯಿಂದ ಓಡುತ್ತ ಬಂದವಳು ಚಪ್ಪಲಿ ಮೆಟ್ಟಿಕೊಂಡೇ ಮುಂಬಾಗಿಲ ಹೊಸ್ತಿಲು ದಾಟಿಬಿಟ್ಟಳು. ದೇಸಾಯರು ಹೊಡೆಯಲಿಲ್ಲ, ಬೈಯಲೂ ಇಲ್ಲ. ತೂಗುಮಂಚದಿಂದ ಏಳದೆ ಬಸಕ್ಕನನ್ನು ಕರೆಸಿ, ಬಾಗಿಲ ಕಡೆ ಗದ್ದ ಎತ್ತಿದರು. ಬಸಕ್ಕ ಕೊಡದಲ್ಲಿ ನೀರು ತಂದು, ಮಗಳು ತುಳಿದ ಹೊಸ್ತಿಲನ್ನು ಮಗಳ ಕಣ್ಣೆದುರಿಗೇ ತಿಕ್ಕಿ ತೊಳೆದಳು. ಪಾಸಾದ ಸುದ್ದಿ ಅವತ್ತು ಯಾರಿಗೂ ಹೇಳುವುದಾಗಲಿಲ್ಲ. ಆಳಾಗಿ ದುಡಿ, ಅರಸಾಗಿ ಉಣ್ಣು ಎಂದು ಗಾದೆ ಕಟ್ಟಿದವರಿಗೆ ಏನು ಗೊತ್ತು? ಆ ಊರಲ್ಲಿ ಆಳಾಗಿ ದುಡಿದವರೊಬ್ಬರು, ಅರಸಾಗಿ ಉಂಡವರು ಬೇರೆಯವರು.

ಆಮೇಲೆ ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಶಂಭುಲಿಂಗನ ಜೊತೆ ಮದುವೆಯಾಯಿತು. ಅವನ ಕೈಕಸುಬಿಗೆ ಮೆಲ್ಬರ್ನ್‌ನಲ್ಲಿ ಬೆಲೆ ಬಂತು, ಅಲ್ಲೇ ನೆಲೆಸಲು ಪಿಆರ್ ಸಿಕ್ಕಿತು. ಅವನು ಟ್ರುಗನಿನಾದ ವೇರ್‌ಹೌಸುಗಳ ಯಂತ್ರ ರಿಪೇರಿಗೆ ನಿಂತ. ಅವಳು ಆಫೀಸು ಗುಡಿಸಿದಳು, ಶಾಲೆ ಗುಡಿಸಿದಳು, ಕೊನೆಗೆ ಊರಾಚೆಯ ಕೋಲ್‌ಬ್ರೂಕ್ ಪಾರ್ಕ್ ಎಂಬ, ಪ್ರವಾಸಿಗಳಿಗೆ ತೋರಿಸುವ, ಸಮಾರಂಭಗಳಿಗೆ ಬಾಡಿಗೆ ಕೊಡುವ ಹಳೆಯ ಬಂಗಲೆ ಗುಡಿಸಲು ಸೇರಿದಳು. ಗುಡಿಸುತ್ತ ಗುಡಿಸುತ್ತ ಇಂಗ್ಲಿಷು ಕಲಿತಳು, ಜಗಳ ಕಲಿತಳು, ಈಗ ಆ ಬಂಗಲೆಯ ಹೌಸ್ ಸೂಪರ್‌ವೈಸರ್. ಸೊಂಟಕ್ಕೆ ಕೀಲಿಗೊಂಚಲು ಬಂದಿದೆ. ಬೆಳಿಗ್ಗೆ ಬಂಗಲೆಯ ಬಾಗಿಲು ತೆಗೆಯುವುದೂ ಸಂಜೆ ಹಾಕುವುದೂ ಅವಳೇ.

ಕೋಲ್‌ಬ್ರೂಕ್ ಕಟ್ಟಿಸಿದವನು ಕುರಿಯ ಉಣ್ಣೆಯಿಂದ ಕೊಬ್ಬಿದ ಒಬ್ಬ ಇಂಗ್ಲಿಷಿನವ. ಕರಿಕಲ್ಲಿನ ಎರಡು ಅಂತಸ್ತು, ಮೇಲೊಂದು ಗೋಪುರ, ಒಳಗೆ ಅರಮನೆಯಂಥ ಮಹಡಿಮೆಟ್ಟಿಲು. ಎದುರಿಗೆ ಕಣ್ಣು ಹಾಯುವಷ್ಟು ಹುಲ್ಲುಹಾಸು, ಎಲ್ಮ್ ಮರಗಳ ಸಾಲು, ತೋಡಿಸಿದ ಕೆರೆ, ಕೆರೆಯ ನಡುವೆ ಹೊತ್ತು ತಂದ ಮಣ್ಣಿನ ದ್ವೀಪ. ಬಂಗಲೆಯ ಜಗಲಿಯಲ್ಲಿ ನಿಂತು ನೋಡಿದರೆ ಹುಲ್ಲು ನೇರವಾಗಿ ಹೊಲದೊಳಗೆ ಹರಿದು ಹೋದಂತೆ ಕಾಣುತ್ತದೆ, ನಡುವೆ ಬೇಲಿ ಇಲ್ಲ, ಗೋಡೆ ಇಲ್ಲ. ಪ್ರವಾಸಿಗಳು "ಹೌ ಓಪನ್!" ಎನ್ನುತ್ತಾರೆ. ಆದರೆ ಹುಲ್ಲಿನ ಅಂಚಿನಲ್ಲಿ ಆಳವಾದ ಕಂದಕವಿದೆ, ಬಂಗಲೆಯ ಕಡೆಗೆ ಕಲ್ಲುಗೋಡೆ ಕಟ್ಟಿ ಕಂದಕದೊಳಗೆ ಅಡಗಿಸಿಟ್ಟಿದ್ದಾರೆ. ಒಳಗಿನವರಿಗೆ ಅದು ಕಾಣುವುದೇ ಇಲ್ಲ. ಹೊಲದ ಕಡೆಯಿಂದ ಬಂದವರಿಗೆ, ಅದು ಕುರಿಯಾಗಲಿ ಕೂಲಿಯವನಾಗಲಿ, ಅದು ತಲೆಗಿಂತ ಎತ್ತರದ ಗೋಡೆ. ಮೊದಲ ಸಲ ಅದನ್ನು ನೋಡಿದಾಗ ವಿಜಯಾಳಿಗೆ ಮೈ ಉರಿಯಿತು. ವಾಡೆಯ ಗೋಡೆಯಾದರೂ ಎದುರಿಗೆ ನಿಂತು ನಾನು ಗೋಡೆ ಅನ್ನುತ್ತಿತ್ತು, ಇದು ಬಗ್ಗಿ ಬಚ್ಚಿಟ್ಟುಕೊಂಡಿತ್ತು. ಇಂಗ್ಲಿಷಿನವರು ಬರುವ ಮೊದಲು ಈ ನೆಲ ಯಾರದಾಗಿತ್ತೋ ಆ ಜನರ ಹೆಸರಿನ ಫಲಕವೂ ಇದೆ. ಅಂಗೈಯಗಲದ್ದು, ಟಾಯ್ಲೆಟ್ಟಿಗೆ ಹೋಗುವ ದಾರಿಯಲ್ಲಿ.

ಇಲ್ಲಿಯೂ ಎರಡು ಬಾಗಿಲು. ಯಜಮಾನರಿಗೆ ಮುಂಬಾಗಿಲು. ಅಡುಗೆಯವರು ಕೆಲಸದವರಿಗೆ ಹಿಂದೆ, ತಲೆ ಬಗ್ಗಿಸಿ ಹೋಗುವ ಗಿಡ್ಡ ಬಾಗಿಲು, ಅಲ್ಲಿಂದ ಕತ್ತಲೆಯ ಓಣಿ. ವಿಜಯಾ ಕೆಲಸಕ್ಕೆ ಸೇರಿದ ಮೊದಲ ದಿನವೇ ಮ್ಯಾನೇಜರ್ ಲಿನೆಟ್‌ಗೆ ಹೇಳಿದ್ದಳು, ತಾನು ಹಿಂದಿನಿಂದ ಬರುವುದಿಲ್ಲ ಎಂದು. ಲಿನೆಟ್ ಒಳ್ಳೆಯವಳು, ಕಾರಣ ಕೇಳಲಿಲ್ಲ. ಅಂದಿನಿಂದ ವಿಜಯಾ ಮುಂಬಾಗಿಲನ್ನು ತಾನೇ ತೆಗೆದು, ಬೂಟು ಟಪಟಪ ಬಡಿಯುತ್ತ ಒಳಗೆ ಹೋಗುತ್ತಾಳೆ. ಫೋನಿನಲ್ಲಿ ಅವ್ವನಿಗೂ ಹೇಳಿದ್ದಳು. "ನೀ ಬಾ ಒಮ್ಮೆ. ನಿನ್ನ ಮುಂದಿನ ಬಾಗಲದಾಗ ಕರಕೊಂಡು ಹೋಗತೀನಿ. ಚಪ್ಪಲಿ ಕಾಲಾಗ ಇಟಗೊಂಡು."

ಬಸಕ್ಕ ಬಂದಳು. ಎಂಬತ್ತರ ಮುದುಕಿ, ಮೊದಲ ಸಲ ವಿಮಾನ. ಆದರೆ ಮಗಳಿಗೆ ವಾರದ ಕೊನೆಯಲ್ಲೆಲ್ಲ ಡ್ಯೂಟಿ, ಮುದುಕಿಗೆ ಒಮ್ಮೆ ಕೆಮ್ಮು ಒಮ್ಮೆ ಮೊಣಕಾಲು, ಹೀಗೆ ಮುಂದಕ್ಕೆ ಹೋಗುತ್ತ ಹೋಗುತ್ತ ವೀಸಾ ಮುಗಿಯುವ ವಾರ ಬಂದೇ ಬಿಟ್ಟಿತು. ಮುಂದಿನ ಗುರುವಾರ ವಿಮಾನ. ಉಳಿದದ್ದು ಒಂದೇ ಭಾನುವಾರ. ಈ ವಯಸ್ಸಿನಲ್ಲಿ ಅವಳು ಮತ್ತೆ ಬರುವ ಮಾತಿರಲಿಲ್ಲ. ಅವತ್ತು ಮಧ್ಯಾಹ್ನದ ಮೇಲೆ ಬಂಗಲೆಯನ್ನು ಸಿಡ್ನಿಯವರ್ಯಾರೋ ಮಗಳ ನಿಶ್ಚಿತಾರ್ಥಕ್ಕೆ ಬುಕ್ ಮಾಡಿದ್ದರು. ಆದ್ದರಿಂದ ಬೆಳಿಗ್ಗೆಯೇ ಅವ್ವನನ್ನು ಕರೆತಂದು ತೋರಿಸುವುದೆಂದು ಗಂಡನಿಗೆ ಮೂರು ಮೂರು ಸಲ ಹೇಳಿ ವಿಜಯಾ ಡ್ಯೂಟಿಗೆ ಹೋದಳು.

ಬೆಳಿಗ್ಗೆ ಹೋಯಿತು, ಅವ್ವ ಬರಲಿಲ್ಲ. ಫೋನ್ ಮಾಡಿದರೆ ಶಂಭುಲಿಂಗನ ಗೋಳು. "ಏನ ಮಾಡ್ಲಿ ಮಾರಾಯ್ತಿ, ಅತ್ತಿ ರೊಟ್ಟಿ ಬಡಿಯಾಕ ಕುಂತಾರ. ಬರಿಗೈಲೆ ಹ್ಯಾಂಗ ಹೋಗೂದು, ನಿನ್ನ ಕೂಡ ಕೆಲಸ ಮಾಡೋ ಮಂದಿಗೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಒಯ್ಯಬೇಕಂತ." ವಿಜಯಾ ಹಲ್ಲು ಕಡಿದಳು. ಅಷ್ಟರಲ್ಲಿ ನಿಶ್ಚಿತಾರ್ಥದವರು ಬಂದಿಳಿದರು.

ಬುಕಿಂಗ್‌ನಲ್ಲಿ ಹೆಸರು ಹರ್ಷವರ್ಧನ್ ದೇಸಾಯಿ ಎಂದಿತ್ತು. ಲೋಕದಲ್ಲಿ ದೇಸಾಯಿಗಳಿಗೇನು ಬರವೇ ಎಂದು ವಿಜಯಾ ತಲೆ ಕೆಡಿಸಿಕೊಂಡಿರಲಿಲ್ಲ. ನಲವತ್ತೈದು ದಾಟಿದ ಮನುಷ್ಯ, ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ದೊಡ್ಡ ಐಟಿ ಹುದ್ದೆ, ರೇಷ್ಮೆಯ ಪಂಚೆ, ಜರಿಯ ಶಲ್ಯ. ಅಲ್ಲಿಯ ಇಂಡಿಯನ್ ಪೇಟೆ ಹ್ಯಾರಿಸ್ ಪಾರ್ಕ್‌ನಿಂದ ಡಬ್ಬಿಗಟ್ಟಲೆ ಪೇಡೆ ತಂದಿದ್ದ. ಕಾಲಲ್ಲಿ ಹೊಸ ಕೊಲ್ಹಾಪುರಿ. ಅವನು ಕಲ್ಲುಹಾಸಿನ ಮೇಲೆ ನಡೆದು ಬಂದಾಗ ಕಿರ್ರು ಕಿರ್ರು ಎಂದಿತು, ವಿಜಯಾಳ ಬೆನ್ನುಹುರಿ ತನ್ನಷ್ಟಕ್ಕೇ ನೆಟ್ಟಗಾಯಿತು.

ಕೆಲಸದವರು ಹಜಾರದಲ್ಲಿ ಬಾಗಿಲ ಪಕ್ಕ ಆಳೆತ್ತರದ ಫೋಟೋ ನಿಲ್ಲಿಸಿದರು. ಹಿತ್ತಾಳೆಯ ಮೊಳೆಗಳ ಬಾಗಿಲು, ಅದರ ಮುಂದೆ ಹಾಸುಗಲ್ಲು. ವಿಜಯಾ ನೋಡಿದಳು. ಆ ಹೊಸ್ತಿಲಿನ ಎಡಮೂಲೆಯ ಸೀಳೂ ಅವಳಿಗೆ ಗೊತ್ತಿತ್ತು.

"ನಮ್ಮ ವಾಡೆ, ಮೇಡಂ" ಎಂದ ಹರ್ಷವರ್ಧನ್, ಅವಳ ಬ್ಯಾಡ್ಜಿನ ಹೆಸರು ಓದಿ. "ನೀವು ಕನ್ನಡದವ್ರಾ? ವಾವ್! ನಾನು ಬೆಳೆದಿದ್ದೆಲ್ಲ ಬೆಂಗಳೂರು, ಆದ್ರೆ ಪ್ರತಿ ಸಮ್ಮರ್ ಹಾಲಿಡೇಸ್ ಅಲ್ಲೇ. ಅಪ್ಪ ಮಾರಿಬಿಟ್ರು. ಈ ವೆನ್ಯೂ ನೋಡಿದ ತಕ್ಷಣ ಅನ್ನಿಸ್ತು, ನಮ್ಮ ವಾಡೇನೇ ವಾಪಸ್ ಸಿಕ್ಕ ಹಾಗೆ. ನಿಮ್ಮೂರು ಯಾವುದು?"

"ಬೆಳಗಾವಿ ಕಡೆ" ಎಂದಳು ವಿಜಯಾ. "ಸರ್, ಐದಕ್ಕ ಫಂಕ್ಷನ್ ಮುಗೀಬೇಕು. ಐದಕ್ಕ ಮುಂದಿನ ಬಾಗಲಾ ಹಾಕಿ ಅಲಾರ್ಮ್ ಹಚ್ಚತೀವಿ. ಆಮ್ಯಾಲೆ ಒಳಗ ಉಳದವರು ಸ್ಟಾಫ್ ಬಾಗಲದಿಂದನ ಹೊರಗ ಹೋಗಬೇಕು. ಈ ಮನೀ ರೂಲ್ ಅದು."

"ಶೂರ್, ಶೂರ್. ನೀವು ಹೇಳಿದ ಹಾಗೆ."

ಅದೇ ಹೊತ್ತಿಗೆ ಶಂಭುಲಿಂಗನ ಫೋನು. ಮುದುಕಿಯನ್ನು ಮೆಟ್ಟಿಲ ಹತ್ತಿರ ಇಳಿಸಿ ಕಾರು ನಿಲ್ಲಿಸಿ ಬರುವಷ್ಟರಲ್ಲಿ ಕಾಣೆಯಾಗಿದ್ದಾಳೆ. ವಿಜಯಾ ಹುಲ್ಲುಹಾಸು ನೋಡಿದಳು, ಕೆರೆಯ ದಂಡೆ ನೋಡಿದಳು. ಆಮೇಲೆ ಏನೋ ಹೊಳೆದು ಕತ್ತಲೆಯ ಓಣಿಯಲ್ಲಿ ಓಡಿ ಹಿಂದಿನ ಗಿಡ್ಡ ಬಾಗಿಲು ತೆಗೆದಳು. ಬಸಕ್ಕ ಅಲ್ಲಿ ನಿಂತಿದ್ದಳು. ಬಲಗೈಯಲ್ಲಿ ರೊಟ್ಟಿಯ ಗಂಟು, ಎಡಗೈಯಲ್ಲಿ ಚಪ್ಪಲಿ, ಅದರ ಮೇಲೆ ಸೆರಗು. ಆ ಬಾಗಿಲು ಎಲ್ಲಿದೆಯೆಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ದೊಡ್ಡ ಮನೆಗಳ ಹಿಂದಿನ ಬಾಗಿಲು ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು.

"ಅವ್ವಾ! ಎಷ್ಟ ಸಲ ಹೇಳೇನಿ ನಿನಗ? ಇಲ್ಲಿ ಯಾಕ ಬಂದಿ?" ಎಂದು ವಿಜಯಾ ಚೀರಿದಳು. ಅವ್ವನ ಮೇಲೆ ಅಷ್ಟು ಸಿಟ್ಟು ಅವಳಿಗೆ ಜನ್ಮದಲ್ಲಿ ಬಂದಿರಲಿಲ್ಲ. ಕೆನ್ನೆಗೆ ಬಿಗಿಯಬೇಕೆನ್ನಿಸಿತು, ತಬ್ಬಿಕೊಂಡು ಅಳಬೇಕೆಂದೂ ಅನ್ನಿಸಿತು.

"ಮುಂದ ದೊಡ್ಡ ಮಂದಿ ನಿಂತಾರವಾ" ಎಂದಳು ಬಸಕ್ಕ. "ಅವರು ಹೋಗಲಿ. ನಾ ಇಲ್ಲೇ ಕುಂದರತೀನಿ." ಅಡುಗೆಮನೆಯ ಹೊಸ್ತಿಲ ಪಕ್ಕ ನೆಲದ ಮೇಲೆ ಕೂತೂಬಿಟ್ಟಳು.

ಕೇಟರಿಂಗ್‌ನವರಿಗೆ ಏನೋ ಹೇಳಲು ಹರ್ಷವರ್ಧನ್ ಕಿರ್ರು ಕಿರ್ರು ಎಂದು ಓಣಿಯಲ್ಲಿ ಬಂದ. ಸದ್ದಿಗೇ ಮುದುಕಿ ಎದ್ದು ಗೋಡೆಗೆ ಸರಿದಳು. ಅವನು ಮುಂದೆ ಹೋಗಿ ತಿರುಗಿ ನಿಂತ. ಅವಳ ಗದ್ದದ ಹಸಿರು ಹಚ್ಚೆ ನೋಡಿದ.

"ಬಸಕ್ಕ? ನೀನು ಬಸಕ್ಕ ಅಲ್ವಾ? ಓ ಮೈ ಗಾಡ್! ನಾನು ಹರ್ಷ, ಸಣ್ಣಪ್ಪ! ನನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗ್ತಿದ್ದೆಯಲ್ಲೇ ನೀನು!"

ನಿಜವಾಗಿಯೂ ಅವನ ಕಣ್ಣಲ್ಲಿ ನೀರು ಬಂದಿತ್ತು, ಅದೇ ವಿಜಯಾಳಿಗೆ ಹೆಚ್ಚು ಉರಿ ಹತ್ತಿಸಿದ್ದು. ಕೆಟ್ಟವನಾಗಿದ್ದರೆ ಸುಲಭವಿತ್ತು, ಕೆಟ್ಟದ್ದೇ ಮಾತಾಡಿ ಮುಗಿಸಬಹುದಿತ್ತು. ಇವನು ಪ್ರೀತಿಯಿಂದಲೇ ಎಂಬತ್ತು ವರ್ಷದ ಹೆಂಗಸಿಗೆ 'ನೀನು' ಎನ್ನುತ್ತಿದ್ದ. ಅವಳು ಇವನಿಗೆ "ಆರಾಮ ಅದೀರೇನ್ರಿ ಸಣ್ಣ ಧಣಿ" ಎಂದು ಕೈಮುಗಿಯುತ್ತಿದ್ದಳು.

"ಹಾಗಾದ್ರೆ ನೀನು ಬಸಕ್ಕನ ಮಗಳಾ?" ಎಂದು ವಿಜಯಾಳ ಕಡೆ ತಿರುಗಿದ. ಸ್ವಲ್ಪ ಹೊತ್ತಿನ ಹಿಂದಿನ ಮೇಡಂ ಎಲ್ಲೋ ಬಿದ್ದುಹೋಗಿದ್ದಳು. "ಮೊದಲೇ ಹೇಳ್ಬಾರ್ದಾ? ನಮ್ಮನೆಯವಳೇ ನೀನು!"

ಮುಂದಿನದೆಲ್ಲ ಅವನ ಸಂಭ್ರಮ. ಬಸಕ್ಕನ ಕೈಹಿಡಿದು ಅದೇ ಓಣಿಯಿಂದ ಹಜಾರಕ್ಕೆ ಕರೆದೊಯ್ದು, ವಾಡೆಯ ಫೋಟೋದ ಪಕ್ಕ ನಿಲ್ಲಿಸಿದ. "ಫ್ರೆಂಡ್ಸ್, ಇವಳು ನಮ್ಮ ವಾಡೆಯ ಬಸಕ್ಕ. ಮೂರು ಜನರೇಷನ್ ನಮ್ಮನ್ನ ಸಾಕಿದವಳು." ಜನ ಚಪ್ಪಾಳೆ ತಟ್ಟಿದರು, ಫೋನುಗಳು ಮೇಲೆದ್ದವು. ಕುರ್ಚಿ ಕೊಟ್ಟರೆ ಬಸಕ್ಕ ನೆಲದ ಮೇಲೆ ಕೂತಳು. "ಸೋ ಆಥೆಂಟಿಕ್" ಎಂದು ಯಾರೋ ಒಬ್ಬಳು ಉಸುರಿದ್ದು ವಿಜಯಾಳ ಕಿವಿಗೆ ಬಿತ್ತು. ಆಮೇಲೆ ಹರ್ಷವರ್ಧನ್ ಮಗಳನ್ನು ಕರೆದ. "ಬಸಕ್ಕ, ಹುಡುಗಿಗೆ ದೃಷ್ಟಿ ತೆಗಿ. ನಂಗೆ ತೆಗೀತಿದ್ಯಲ್ಲ, ಹಾಗೇ."

ಅಡುಗೆಮನೆಯಿಂದ ಉಪ್ಪು, ಒಣಮೆಣಸಿನಕಾಯಿ ಬಂತು. ಬಸಕ್ಕ ಎದ್ದು, ಆ ಚಂದದ ಹುಡುಗಿಯ ಸುತ್ತ ಮುಷ್ಟಿ ತಿರುಗಿಸಿ, "ನಾಯಿ ಕಣ್ಣು ನರಿ ಕಣ್ಣು" ಎಂದು ಬಾಯಲ್ಲೇ ಗೊಣಗಿದಳು. ಒಲೆಗೆ ಹಾಕೋಣವೆಂದರೆ ಬಂಗಲೆಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಆ ಮುಖ ಯಾವತ್ತೂ ಹೀಗೆಯೇ ಎಂದು ವಿಜಯಾ ಅಂದುಕೊಂಡಳು, ಹೊಸ್ತಿಲು ತೊಳೆದ ದಿನವೂ ಹೀಗೆಯೇ ಇತ್ತು. ಅವ್ವನಿಗೆ ಸಿಟ್ಟೆಂಬುದನ್ನೇ ದೇವರು ಕೊಡಲಿಲ್ಲ, ಅವಳ ಪಾಲಿನದನ್ನೂ ಸೇರಿಸಿ ನನಗೇ ಕೊಟ್ಟ, ಎಂದುಕೊಂಡು ಹಲ್ಲು ಕಚ್ಚಿ ನಿಂತಳು. ಡ್ಯೂಟಿಯಲ್ಲಿದ್ದಳು, ಅವನು ಗಿರಾಕಿ. ಬಾಯಿಬಿಟ್ಟರೆ ಕೆಲಸಕ್ಕೇ ಕುತ್ತು ಬರುತ್ತಿತ್ತು.

ಐದಕ್ಕೆ ಇನ್ನು ಸ್ವಲ್ಪ ಹೊತ್ತಿರುವಾಗ ಅವಳು ಗಂಟೆ ಬಾರಿಸಿದಳು. ಜನವೆಲ್ಲ ಫೋಟೋಕ್ಕೆಂದು ಹುಲ್ಲುಹಾಸಿಗೆ ಇಳಿಯಿತು. ಹರ್ಷವರ್ಧನ್ ಮಾತ್ರ ಮಹಡಿಮೆಟ್ಟಿಲ ಮೇಲೆ ಒಬ್ಬನೇ ನಿಂತು, ಕಂಬಕ್ಕೆ ಕೈಯಾನಿಸಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದ.

"ಸರ್, ಟೈಮಾತು" ಎಂದಳು.

"ಒಂದರ್ಧ ಗಂಟೆ ಅಡ್ಜಸ್ಟ್ ಮಾಡೇ. ಬೆಳಕು ಚೆನ್ನಾಗಿದೆ. ನಮ್ಮೋಳೇ ಅಲ್ವಾ ನೀನು?"

ವಿಜಯಾ ಅವ್ವನ ರಟ್ಟೆ ಹಿಡಿದು ಓಣಿಯಿಂದ ಹೊರಗೆ ತಂದು, ಚಪ್ಪಲಿ ಮೆಟ್ಟಿಸಿ, ಬಂಗಲೆಯನ್ನು ಸುತ್ತಿಸಿ ಮುಂದಿನ ಮೆಟ್ಟಿಲಿಗೆ ಕರೆತಂದಳು. ದಿನಾ ಒಂದೇ ಕದ ತೆಗೆಯುವ ಬಾಗಿಲು ಅದು, ಮದುವಣಗಿತ್ತಿ ಬಂದರೆ ಮಾತ್ರ ಎರಡನ್ನೂ ತೆಗೆಯುವುದು. ಅವಳು ಎರಡೂ ಕದಗಳನ್ನು ಹಾರು ಹೊಡೆದಳು.

"ಈಗ ಬಾ."

ಬಸಕ್ಕ ಬಾಗಿಲು ನೋಡಿದಳು, ಹುಲ್ಲಿನ ಮೇಲಿದ್ದ ಜನವನ್ನು ನೋಡಿದಳು. ಬಗ್ಗಿ ಚಪ್ಪಲಿಗೆ ಕೈ ಹಾಕಿದಳು.

"ಕಾಲಾಗ ಇರಲಿ!" ವಿಜಯಾಳ ಕೂಗಿಗೆ ಹುಲ್ಲುಹಾಸಿನ ಜನವೆಲ್ಲ ತಿರುಗಿ ನೋಡಿತು. "ಕಾಲಾಗ ಇರಲಿ ಅವ್ವಾ. ಇದನ್ನ ತೊಳ್ಯಾಕ ನಿನ್ನ ಯಾರೂ ಕರಿಯೂದಿಲ್ಲ. ಕರದರ ನಾ ಅದೇನಿ!"

ಮುದುಕಿ ಬಗ್ಗಿದಲ್ಲೇ ಒಂದು ಗಳಿಗೆ ನಿಂತಳು. ಆಮೇಲೆ ಕೈ ಹಿಂತೆಗೆದು, ಮಗಳ ಹೆಗಲು ಹಿಡಿದು ಮೆಟ್ಟಿಲು ಹತ್ತಿದಳು. ಹೊಸ್ತಿಲ ಮೇಲೆ ಒಂದು ಕಾಲಿಟ್ಟಳು, ಎರಡನೆಯದನ್ನೂ ಇಟ್ಟಳು, ದಾಟಿದಳು. ಹಜಾರದ ಅಮೃತಶಿಲೆಯ ಮೇಲೆ ಅವಳ ಹವಾಯಿ ಚಪ್ಪಲಿ ಪಟ್ ಪಟ್ ಎಂದಿತು. ಯಾರೂ ಏಳಲಿಲ್ಲ, ಗೋಡೆಗೆ ಸರಿಯಲೂ ಇಲ್ಲ, ಆದರೂ ವಿಜಯಾಳ ಕಿವಿಗೆ ಅದಕ್ಕಿಂತ ದೊಡ್ಡ ಸದ್ದು ಬೇರೆ ಇರಲಿಲ್ಲ.

ಅವಳು ಕದ ಎಳೆದು, ಒಳಗಿನಿಂದ ಅಗುಳಿ ಜಡಿದು, ಬೀಗ ತಿರುವಿದಳು.

ಹರ್ಷವರ್ಧನ್ ಕಿರ್ರು ಕಿರ್ರು ಎಂದು ಇಳಿದು ಬಂದ. "ಏಯ್, ತೆಗಿ ತೆಗಿ. ಎಲ್ರೂ ಹೊರಗಿದ್ದಾರೆ."

"ಐದಾತು, ಸರ್. ಈ ಬಾಗಲಾ ಇನ್ನ ನಾಳಿ ಮುಂಜಾನಿ. ಹಿಂದಿನ ಬಾಗಲಲೆ ಹೋಗ್ರಿ."

ಅವನು ನಕ್ಕ. ಅವಳು ನಗಲಿಲ್ಲ. ಅವನ ನಗು ಮೆಲ್ಲಗೆ ಇಳಿಯಿತು. "ಆ ಸರ್ವೆಂಟ್ಸ್ ಡೋರಾ? ನನ್ನ ಬೀಗರೆಲ್ಲ ಹೊರಗೆ ನಿಂತು ನೋಡ್ತಾರೆ. ನಾನು ಯಾರು ಅಂತ ಗೊತ್ತಲ್ಲ ನಿಂಗೆ?"

"ಗೊತ್ತೈತ್ರಿ. ಹುಟ್ಟಿದಾಗಿಂದ ಗೊತ್ತೈತಿ" ಎಂದಳು ವಿಜಯಾ. "ಮತ್ತ ನನಗ ನೀವು ಅನ್ರಿ. ನಮ್ಮವ್ವಗೂ ನೀವು ಅನ್ರಿ. ನಿಮಗ ಹಾಲ ಕುಡಿಸಿ ಬೆಳಸಿದಾಕಿ, ಬಹುವಚನಕ್ಕ ಗತಿ ಇಲ್ಲೇನು?"

ಅವನು ಲಿನೆಟ್‌ಳನ್ನು ಕರೆದ. ಲಿನೆಟ್ ಬಂದು, ಬೀಗ ನೋಡಿ, ಗಡಿಯಾರ ನೋಡಿ, ವಿಜಯಾಳ ಮುಖವನ್ನೂ ನೋಡಿ, ರೂಲ್ ಅಂದರೆ ರೂಲ್ ಎಂದು ನಯವಾಗಿ ಹೇಳಿ ಹೋದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ರೇಷ್ಮೆಯ ಪಂಚೆ ಎತ್ತಿ ಹಿಡಿದು ದೇಸಾಯರ ಮೊಮ್ಮಗ ಕತ್ತಲೆಯ ಓಣಿಯಲ್ಲಿ ನಡೆದ. ಮುಸುರೆ ಪಾತ್ರೆಗಳ ನಡುವೆ ಶಲ್ಯ ಸಾವರಿಸಿಕೊಂಡ. ಗಿಡ್ಡ ಬಾಗಿಲಿಗೆ ಬಂದಾಗ ತಲೆ ಬಗ್ಗಿಸಲೇಬೇಕಾಯಿತು. ಅಮ್ಮ ಮಗಳು ಹಿಂದೆ ನಿಂತು ನೋಡಿದರು.

ಎಲ್ಲ ಮುಗಿದ ಮೇಲೆ ಇಬ್ಬರೂ ಶಂಭುಲಿಂಗ ಕಾದಿದ್ದ ಕಾರಿನ ಕಡೆ ಹೊರಟರು. ದೂರು ಬರುತ್ತದೆ, ನೋಡಿಕೊಳ್ಳೋಣ. ವಿಜಯಾಳಿಗೆ ಅಳುಕಿದ್ದದ್ದು ಅವ್ವನದು. ಉಂಡ ಮನೆಯ ಮಗನಿಗೆ ಹೀಗೆ ಮಾಡಬಾರದಿತ್ತು ಎಂದು ಅವ್ವ ಈಗ ಅಂದಾಳು, ಆಗ ತಾನು ಏನು ಹೇಳಲಿ? ಹುಲ್ಲುಹಾಸಿನ ಅಂಚಿನ ಕಂದಕದ ಬಳಿ ಬಸಕ್ಕ ನಿಂತಳು. ಅಡಗಿಸಿಟ್ಟ ಗೋಡೆಯನ್ನು ಬಗ್ಗಿ ನೋಡಿದಳು. ಸೆರಗಿನ ಗಂಟು ಬಿಚ್ಚಿ, ದೃಷ್ಟಿ ತೆಗೆದ ಉಪ್ಪು ಮೆಣಸಿನಕಾಯಿಯನ್ನು ಅದರೊಳಗೆ ಎಸೆದು, ಕೈ ಝಾಡಿಸಿಕೊಂಡಳು.

"ಒಂದ ಕೆಲಸ ಮರತಿ ನೋಡು, ವಿಜ್ಜಿ" ಎಂದಳು.

"ಏನವ್ವಾ?"

"ಚಪ್ಪಲಿ ಕೈಯಾಗ ಹಿಡಕೊಂಡು ಹೋಗಂತ ಹೇಳಬೇಕಿತ್ತಲ್ಲ ಅವಗ."